ಕಲೆ ಹಿಡಿಯದ ಚೀಲಗಳು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಏನು ಬೇಯಿಸಿದರೂ, ಏನು ಮುಚ್ಚಿಟ್ಟರೂ ಅದರ ಮೇಲೊಂದು ಚೀಟಿ ಅಂಟಿಸದೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಳಗೇನಿದೆ, ಎಷ್ಟು ಹೊತ್ತಿಗೆ ಬೆಂದಿತು, ಎಷ್ಟು ಹೊತ್ತಿಗೆ ಆರಿತು, ಎಂದಿನ ತನಕ ತಿನ್ನಬಹುದು, ಎಲ್ಲ ಬರೆದಿರಬೇಕು. ಇಪ್ಪತ್ತೆರಡು ವರ್ಷ ರೋಗಿಗಳಿಗೆ ಅಡುಗೆ ಮಾಡಿದವಳು. ಒಂದು ಚೀಟಿ ತಪ್ಪಿದರೆ ಮೂರನೇ ವಾರ್ಡಿನ ಸಕ್ಕರೆ ಕಾಯಿಲೆಯವನ ತಟ್ಟೆ ಐದನೇ ವಾರ್ಡಿಗೆ ಹೋಗುತ್ತದೆ, ಆಮೇಲೆ ಯಾರ ತಲೆದಂಡ? ಆ ಅಭ್ಯಾಸ ಮನೆಗೂ ಬಂತು. ಅವಳ ಮನೆಯ ಉಪ್ಪಿನ ಡಬ್ಬಿಯ ಮೇಲೂ ‘ಉಪ್ಪು’ ಎಂಬ ಚೀಟಿಯಿತ್ತು, ಉಪ್ಪನ್ನು ನೋಡಿ ಗುರುತು ಹಿಡಿಯಲಾರದವರು ಆ ಮನೆಯಲ್ಲಿ ಯಾರೂ ಇಲ್ಲದಿದ್ದರೂ.

ಮನೆಯಲ್ಲಿ ಅವಳೊಬ್ಬಳೇ. ಅಪ್ಪ ಮೊದಲೇ ಹೋಗಿದ್ದ. ಅಮ್ಮ ಹೋದಾಗ ಇವಳಿಗೆ ಇಪ್ಪತ್ತು, ತಂಗಿಗೆ ಎಂಟು. ಅಮ್ಮನ ತಿಂಗಳು ಮುಗಿಯುವ ಮೊದಲೇ ಆಸ್ಪತ್ರೆಯ ಕೆಲಸಕ್ಕೆ ಸೇರಿ ತಂಗಿಯನ್ನು ಸಾಕಿದಳು, ಓದಿಸಿದಳು, ಒಂದು ವಿಮಾ ಕಚೇರಿಯಲ್ಲಿ ಕುರ್ಚಿ ಸಿಗುವಷ್ಟು ದೊಡ್ಡವಳನ್ನಾಗಿ ಮಾಡಿದಳು. ನೀನೂ ಒಂದು ಮದುವೆ ಮಾಡಿಕೊಳ್ಳೇ ಎಂದವರಿಗೆಲ್ಲ ‘ಮೊದಲು ಇವಳದಾಗಲಿ’ ಎನ್ನುತ್ತಿದ್ದಳು. ಇವಳದಾಗುವ ಹೊತ್ತಿಗೆ ಹಾಗೆ ಕೇಳುವವರೇ ಉಳಿದಿರಲಿಲ್ಲ. ತಂಗಿಯನ್ನು ಕಟ್ಟಿಕೊಂಡವನು ಕನ್ನಡಕದ ಅಂಗಡಿಯವನು. ಬೆಣ್ಣೆಯಂಥ ಮಾತಿನವನು. ಎಂಥ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡವರಿಗೂ ‘ನಿಮ್ಮ ಮುಖಕ್ಕೆ ಇದೇ ಲಕ್ಷಣ’ ಎಂದು ಹೇಳಿ ಕಳಿಸುವಷ್ಟು ಒಳ್ಳೆಯವನು.

ತಂಗಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ವಾರ್ಡಿನ ಮಂಚದ ಮೇಲೆ ಆ ಮಗುವನ್ನು ಬಟ್ಟೆ ಸಮೇತ ಎತ್ತಿ ಅಕ್ಕನ ಕೈಗಿಟ್ಟು ತಂಗಿ ಹೇಳಿದಳು, “ನನ್ನನ್ನ ಬೆಳೆಸಿದ ಕೈ ಅಕ್ಕಾ ಇದು. ಇವಳನ್ನೂ ನೀನೇ ಬೆಳೆಸ್ಬೇಕು. ಮೂರು ತಿಂಗಳ ರಜ ಮುಗಿದ್ರೆ ನಾನು ಇನ್ಯಾರನ್ನ ನಂಬಿ ಬಿಟ್ಟು ಹೋಗ್ಲಿ?”

ಆ ಮಾತು ಸಾಕಾಯಿತು. ಚೀಟಿ ಅಕ್ಕ ಅಂದೇ ಮನಸ್ಸಿನಲ್ಲಿ ಆಸ್ಪತ್ರೆಯ ಕೆಲಸ ಬಿಟ್ಟಳು. ಕಾಗದದಲ್ಲಿ ಬಿಡುವುದೊಂದು ಬಾಕಿ ಉಳಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ, ಕೂಸು ಹುಟ್ಟಿದೆಯಲ್ಲ, ಈಗೇನಡ್ಡಿ? ತನ್ನ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕದ ಹೊಲಿಗೆ ಯಂತ್ರವನ್ನು ಎಳೆದು ಮೂಲೆಗೆ ಹಾಕಿ ಅಲ್ಲಿ ತೊಟ್ಟಿಲಿಗೆ ಜಾಗ ಮಾಡಿದಳು. ಕಪಾಟಿನ ಒಂದು ಅಂಕಣ ಖಾಲಿ ಮಾಡಿ ‘ಮಗುವಿನ ಬಟ್ಟೆ’ ಎಂದು ಚೀಟಿ ಅಂಟಿಸಿದಳು.

ಅಲ್ಲಿಯತನಕ ಬಾಣಂತಿಯ ಹೊಟ್ಟೆ ನೋಡಿಕೊಳ್ಳಬೇಕಲ್ಲ. ಅದಕ್ಕೇ ಆ ಚೀಲಗಳು ಬಂದದ್ದು. ಸಿಲಿಕೋನಿನ ಚೀಲ, ಮಕ್ಕಳ ಹಾಲಿನ ಬಾಟಲಿಯ ತೊಟ್ಟಿನಷ್ಟು ಮೆತ್ತಗೆ, ಒಳಗಿರುವುದು ಹೊರಗೆ ಕಾಣುವಷ್ಟು ತಿಳಿ. ಬಾಯಿಗೆ ಒತ್ತಿ ಮುಚ್ಚುವ ಪಟ್ಟಿ. ಫ್ರೀಜರಿನಲ್ಲಿಟ್ಟರೆ ಒಡೆಯದು, ಕುದಿಯುವ ನೀರಿಗೆ ಹಾಕಿದರೆ ಕರಗದು, ತೊಳೆದು ತೊಳೆದು ವರ್ಷಗಟ್ಟಲೆ ಬಳಸಬಹುದು. ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಇಪ್ಪತ್ತಾರು ಚೀಲ ತಂದಳು. ಎರಡು ತನಗೆ, ಇಪ್ಪತ್ತನಾಲ್ಕು ತಂಗಿಗೆ, ಹನ್ನೆರಡು ಅಲ್ಲಿದ್ದಾಗ ಹನ್ನೆರಡು ಇಲ್ಲಿ. ಒಂದೊಂದರ ಮೂಲೆಯಲ್ಲೂ ಅಳಿಸದ ಶಾಯಿಯಲ್ಲಿ ನಂಬರು ಬರೆದಳು, ಯಾವ ನಂಬರಿನಲ್ಲಿ ಯಾವ ವಾರ ಏನು ಹೋಯಿತು ಎಂದು ಬರೆಯಲು ಒಂದು ನೋಟ್‌ಬುಕ್ಕೂ ಇಟ್ಟಳು.

ಶುಕ್ರವಾರ ಕೆಲಸ ಮುಗಿಸಿ ಬಂದು ಕ್ಯಾರೆಟ್-ಟೊಮೆಟೊ ಸೂಪು, ಕೋಳಿಯ ತಿಳಿ, ಬೇಯಿಸಿ ಅರೆದ ತರಕಾರಿ ಮಾಡುವಳು. ಚೆನ್ನಾಗಿ ಆರಿದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ, ಪುಸ್ತಕದ ಹಾಗೆ ಚಪ್ಪಟೆಯಾಗಿ ಫ್ರೀಜರಿನಲ್ಲಿ ಮಲಗಿಸುವಳು. ಶನಿವಾರ ಐಸ್ ಪೆಟ್ಟಿಗೆಯಲ್ಲಿಟ್ಟು ಎರಡು ಬಸ್ಸು ಬದಲಿಸಿ, ಲಿಫ್ಟಿಲ್ಲದ ಕಟ್ಟಡದ ನಾಲ್ಕು ಮಹಡಿ ಹತ್ತಿ ತಂಗಿಯ ಮನೆಗೆ ಒಯ್ಯುವಳು. ಹನ್ನೆರಡು ತುಂಬಿದ ಚೀಲ ಕೊಟ್ಟು ಹನ್ನೆರಡು ಖಾಲಿ ಚೀಲ ತರುವಳು.

“ಬಿಚ್ಚೋದು ಬೇಡ, ಸುರಿಯೋದು ಬೇಡ,” ಎಂದು ಮೊದಲ ದಿನವೇ ಹೇಳಿಕೊಟ್ಟಳು. “ಚೀಲದ ಸಮೇತ ಕುದಿಯೋ ನೀರಿಗೆ ಹಾಕು, ಹತ್ತು ನಿಮಿಷ. ಬಾಣಂತಿ ಕೈಗೆ ಕೆಲಸ ಕಮ್ಮಿ ಆಗ್ಲಿ ಅಂತಾನೇ ಇದನ್ನ ತಂದಿರೋದು.”

“ಹಾಗೇ ಮಾಡ್ತೀವಿ ಅಕ್ಕಾ,” ಎಂದಳು ತಂಗಿ.

“ನೀವು ಇಲ್ದಿದ್ರೆ ನಮ್ಮ ಗತಿ ಏನು ಅಕ್ಕ,” ಎಂದ ಕನ್ನಡಕದವನು.

ನಾಲ್ಕನೇ ಶನಿವಾರ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಅವಳು ತನಗೆಂದು ಇಟ್ಟುಕೊಂಡ ಎರಡು ಚೀಲಗಳು ಎರಡನೇ ವಾರಕ್ಕೇ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಸೋಪು ಹಾಕಿದಳು, ನಿಂಬೆ ಹಾಕಿದಳು, ಉಜ್ಜಿದಳು. ಕ್ಯಾರೆಟ್ಟಿನ ಬಣ್ಣ ಜಪ್ಪಯ್ಯ ಅನ್ನಲಿಲ್ಲ. ತಂಗಿಯ ಮನೆಯಿಂದ ಬಂದವು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೇ. ಏಳನೇ ನಂಬರಿನದೊಂದಕ್ಕೆ ಮಾಸಲು ಕಲೆ ಇತ್ತು, ಅಷ್ಟೆ. ಬಾಣಂತಿ ಮನೆಯಲ್ಲೂ ಇಷ್ಟು ಚೊಕ್ಕಟವಾಗಿ ತೊಳೆಯುತ್ತಾರಲ್ಲ ಎಂದು ಅಕ್ಕನಿಗೆ ಹೆಮ್ಮೆಯೇ ಆಯಿತು.

“ಅಲ್ವೇ, ಹೇಗೆ ತೊಳೀತೀಯೇ ಇದನ್ನ? ನನ್ನದು ನೋಡು, ಕಣ್ಣಿಗೆ ಹೊಡೆಯೋ ಹಾಗಾಗಿದೆ.”

ತಂಗಿ ಗಂಡನ ಮುಖ ನೋಡಿದಳು. ಗಂಡ ಕನ್ನಡಕ ತೆಗೆದು ಒರೆಸಿಕೊಂಡ.

“ಅದೊಂದು ಉಪಾಯ ಇದೆ ಅಕ್ಕ,” ಎಂದ. “ತಣ್ಣೀರಿಗೆ ಕಲ್ಲುಪ್ಪು ಹಾಕಿ ಅರ್ಧ ದಿನ ನೆನೆಸೋದು. ಆಮೇಲೆ ಒಳಗೆ ಹಳೇ ಪೇಪರ್ ತುರುಕಿ ಇಡೋದು. ಪೇಪರ್ ಬಣ್ಣ ಎಲ್ಲ ಹೀರ್ಕೊಳ್ಳುತ್ತೆ. ನಮ್ಮ ಅಂಗಡೀಲಿ ಕನ್ನಡಕದ ಮೂಗಿನ ಪ್ಯಾಡಿಗೂ ಹಾಗೇ ಮಾಡ್ತೀವಿ.”

“ಹೌದಕ್ಕಾ,” ಎಂದಳು ತಂಗಿ, ಮಗುವಿನ ಕಾಲ್ಚೀಲ ಸರಿ ಮಾಡುತ್ತಾ. “ಉಪ್ಪು ಜಾಸ್ತಿ ಹಾಕ್ಬೇಕು.”

ಆರನೇ ಶನಿವಾರ ಅವಳು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದಳು. ಎಲ್ಲಿ ಗೊತ್ತೇ? ತಂಗಿಯ ಮನೆಯ ಊಟದ ಮೇಜಿನ ಮೇಲೆ. ತನಗೆ ಆಫೀಸು ಪತ್ರ ಬರೆಯಲು ಬರುವುದಿಲ್ಲವೆಂದು ಅವಳೇ ಕೇಳಿದಳು, ಕನ್ನಡಕದವನೇ ಟೈಪು ಮಾಡಿ ಅಂಗಡಿಯ ಪ್ರಿಂಟರಿನಲ್ಲಿ ತೆಗೆದು ತಂದಿದ್ದ. ‘ಕೌಟುಂಬಿಕ ಜವಾಬ್ದಾರಿಯ ಕಾರಣ’ ಎಂದು ಬರೆದಿದ್ದ. ಕೌಟುಂಬಿಕ ಎಂಬ ಆ ಶಬ್ದದ ಮೇಲೆ ಅವಳು ಎರಡು ಸಲ ಬೆರಳಾಡಿಸಿದಳು. ಒಬ್ಬಂಟಿ ಬದುಕಿದವಳಿಗೆ ಅಷ್ಟು ತೂಕದ ಶಬ್ದ ಯಾರೂ ಅದುವರೆಗೆ ಕೊಟ್ಟಿರಲಿಲ್ಲ. ತಂಗಿ ಪೆನ್ನು ತಂದುಕೊಟ್ಟಳು. “ಕೊನೇ ದಿನ ಯಾವತ್ತು ಅಕ್ಕಾ?” ಎಂದು ಕೇಳಿದಳು. “ಮೂವತ್ತನೇ ತಾರೀಖು. ನೀನು ಒಂದನೇ ತಾರೀಖು ಕೆಲಸಕ್ಕೆ ಹೋಗ್ತೀಯಲ್ಲ, ಸರಿಹೋಯ್ತು,” ಎಂದಳು ಅಕ್ಕ. ತಂಗಿ ‘ಹೂಂ’ ಎಂದಳು. ಆ ‘ಹೂಂ’ ಸ್ವಲ್ಪ ತಡವಾಗಿ ಬಂತು ಎಂದು ಆಮೇಲೆ ಅನ್ನಿಸಿತು. ಆಗ ಅನ್ನಿಸಲಿಲ್ಲ, ಅದಕ್ಕೇನು ಮಾಡುವುದು?

ಇನ್ನು ಉಪ್ಪುನೀರಿನ ಉಪಾಯ. ಅವಳು ತನ್ನ ಎರಡು ಚೀಲಗಳನ್ನು ಒಂದಲ್ಲ, ಐದು ಸಲ ನೆನೆಸಿದಳು, ಮನೆಯ ಹಳೇ ಪೇಪರೆಲ್ಲ ತುರುಕಿದಳು. ಕಲೆ ಇದ್ದಲ್ಲೇ ಇತ್ತು. ತನ್ನದೇ ತಪ್ಪಿರಬೇಕು, ಉಪ್ಪು ಕಮ್ಮಿಯಾಗಿರಬೇಕು ಎಂದುಕೊಂಡಳು. ಅಷ್ಟಕ್ಕೇ ಬಿಡದೆ ಅಡುಗೆಮನೆಯಲ್ಲಿ ಎಲ್ಲರಿಗೂ ಆ ಉಪಾಯ ಹೇಳಿಕೊಟ್ಟಳು, ನಮ್ಮ ಹುಡುಗಿ ಕಂಡುಹಿಡಿದದ್ದು ಎಂದು ಸೇರಿಸಿ. ತರಕಾರಿ ಹೆಚ್ಚುವವಳು ಟೊಮೆಟೊ ಹಿಡಿದ ಡಬ್ಬಿ ನೆನೆಸಿ ನೋಡಿದಳು, ಆಗಲಿಲ್ಲ. ಎಲ್ಲರೂ ನಕ್ಕರು. ಚೀಟಿ ಅಕ್ಕನೂ ನಕ್ಕಳು. “ನಿಮ್ಮ ಕೈಗುಣ ಸರಿಯಿಲ್ಲ ಬಿಡ್ರೇ,” ಎಂದಳು.

ನಗದೆ ಉಳಿದವಳು ಪಾತ್ರೆ ತೊಳೆಯುವ ದೊಡ್ಡಮ್ಮ ಒಬ್ಬಳೇ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ. ಮೂವತ್ತು ವರ್ಷ ಕಲೆಗಳ ಜೊತೆಗೇ ಜಗಳವಾಡಿದ ಹೆಂಗಸು. ತಟ್ಟೆ ನೋಡಿ ತಿಂದವನ ಕಾಯಿಲೆ ಹೇಳುವಳು. ಹತ್ತನೇ ಶನಿವಾರವಾದ ಮೇಲಿನ ಸೋಮವಾರ, ಚೀಟಿ ಅಕ್ಕ ಪುರಾವೆಗೆಂದು ತಂಗಿ ಮನೆಯಿಂದ ಬಂದಿದ್ದ ಹನ್ನೆರಡೂ ಚೀಲಗಳನ್ನು ಕಟ್ಟಿ ತಂದು ಅವಳ ಮುಂದೆ ಹರಡಿದಳು. ದೊಡ್ಡಮ್ಮ ಕೈ ಒರೆಸಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಮೂಸಿಯೂ ನೋಡಿದಳು.

“ಇದರಲ್ಲಿ ಏನೇನು ಕಳಿಸ್ತೀಯಾ?”

“ಕ್ಯಾರೆಟ್ಟು, ಟೊಮೆಟೊ, ಬೆಣ್ಣೆ ಹಾಕಿದ ಸೂಪು. ಎಲ್ಲಾ.”

“ಚೀಲದ ಸಮೇತ ಬಿಸಿ ಮಾಡ್ತಾರಾ?”

“ಹೂಂ. ಪ್ರತಿ ವಾರ ಕೇಳ್ತೀನಿ, ಹಾಗೇ ಮಾಡ್ತೀವಿ ಅಂತಾರೆ.”

ದೊಡ್ಡಮ್ಮ ಏಳನೇ ನಂಬರಿನ ಚೀಲವನ್ನು ಬೇರೆ ಇಟ್ಟಳು. “ಇದೊಂದು ಬಿಸಿನೀರು ಕಂಡಿದೆ. ಮಿಕ್ಕ ಹನ್ನೊಂದು ಕಂಡಿಲ್ಲ. ಜಿಡ್ಡು, ಬಣ್ಣ, ಬಿಸಿ, ಮೂರೂ ಸೇರಿದ್ರೆ ಇಂಥ ವಸ್ತುವಿಗೆ ಕಲೆ ಕೂತೇ ಕೂರುತ್ತೆ, ನಿನ್ನದಕ್ಕೆ ಕೂತ ಹಾಗೆ. ತಣ್ಣಗೆ ತುಂಬಿ, ಗಟ್ಟಿಯಾದದ್ದನ್ನ ಗಟ್ಟಿಯಾಗೇ ಬೀಳಿಸಿದ್ರೆ ಕೂರಲ್ಲ.”

“ಅವರು ಉಪ್ಪುನೀರಲ್ಲಿ—”

“ಉಪ್ಪುನೀರಿಗೆ ಹೋಗೋ ಹಾಗಿದ್ರೆ ಈ ಏಳನೇದು ಯಾಕೆ ಉಳೀತು?” ದೊಡ್ಡಮ್ಮ ದನಿ ತಗ್ಗಿಸಿದಳು. “ನೋಡೇ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ನಿನ್ನ ಅಡಿಗೆ ಆ ಮನೇಲಿ ಯಾರ ಹೊಟ್ಟೆಗೂ ಹೋಗ್ತಿಲ್ಲ. ಊಟದಲ್ಲೇ ಇಷ್ಟು ಸುಳ್ಳಾದ್ರೆ, ಮಗು ವಿಷಯದಲ್ಲಿ ಎಷ್ಟು ನಿಜ ಅಂತ ಒಂದ್ಸಲ ಕೇಳ್ಕೊ. ನಾಳೆ ಹೊಸ ಅಡಿಗೆಯವಳಿಗೆ ಆರ್ಡರ್ ಕೊಡ್ತಾರಂತೆ. ಇವತ್ತು ಸಂಜೆ ಒಳಗೆ ಆ ಪತ್ರ ವಾಪಸ್ ತಗೋ.”

ಚೀಟಿ ಅಕ್ಕನಿಗೆ ಕೋಪ ನೆತ್ತಿಗೇರಿತು. ನಿಜ ಹೇಳಿದವರ ಮೇಲೆ ಬರುವಷ್ಟು ಕೋಪ ಸುಳ್ಳು ಹೇಳಿದವರ ಮೇಲೆ ಬರುವುದಿಲ್ಲ. “ಬೇರೆಯವರ ಎಂಜಲು ತಟ್ಟೆ ನೋಡಿ ನೋಡಿ ನಿನಗೆ ಎಲ್ಲದರಲ್ಲೂ ಎಂಜಲೇ ಕಾಣುತ್ತೆ,” ಎಂದುಬಿಟ್ಟಳು. ಮೂವತ್ತು ವರ್ಷ ದುಡಿದ ಹೆಂಗಸಿಗೆ ಆಡಬಾರದ ಮಾತು. ದೊಡ್ಡಮ್ಮ ನಲ್ಲಿ ತಿರುಗಿಸಿದಳು. ಅದೇ ಸಂಜೆ ಮ್ಯಾನೇಜರು ಕರೆದು, “ಇನ್ನೊಂದ್ಸಲ ಯೋಚನೆ ಮಾಡ್ತೀರಾ? ನಾಳೆಯಾದ್ರೆ ನನ್ನ ಕೈಲಿಲ್ಲ,” ಎಂದು ಕೇಳಿದರು. “ಯೋಚನೆ ಮಾಡೋದೇನೂ ಇಲ್ಲ ಸಾರ್,” ಎಂದಳು ಚೀಟಿ ಅಕ್ಕ, ದೊಡ್ಡಮ್ಮನಿಗೆ ಕೇಳಲಿ ಎಂದೇ ಗಟ್ಟಿಯಾಗಿ. ಮಂಗಳವಾರ ಹೊಸಬಳಿಗೆ ಆರ್ಡರು ಹೋಯಿತು.

ಆದರೆ ಅನುಮಾನವೆಂಬುದು ಹಲ್ಲಿನ ಸಂದಿಯ ನಾರು, ನಾಲಿಗೆ ಅಲ್ಲೇ ಹೋಗುತ್ತದೆ. ನೋಟ್‌ಬುಕ್ ತೆಗೆದು ನೋಡಿದಳು: ಏಳನೇ ನಂಬರಿನಲ್ಲಿ ಕ್ಯಾರೆಟ್ ಸೂಪು ಹೋದದ್ದು ಮೊದಲನೇ ವಾರ. ಅಂದರೆ ಒಂದೇ ಒಂದು ಸಲ ಬಿಸಿ ಮಾಡಿದ್ದಾರೆ, ಒಂದು ತುತ್ತು ತಿಂದಿರಬೇಕು. ಆಮೇಲೆ ಒಂಬತ್ತು ವಾರ? ಬುಧವಾರ ಬೆಳಗಿನ ಪಾಳಿ ಮುಗಿಸಿದವಳು ಮನೆಗೆ ಹೋಗಲಿಲ್ಲ. ಇರಲಿ, ಒಂದು ಮಾತು ಕೇಳಿಯೇ ಬಿಡೋಣ, ಅವಳು ನಕ್ಕು ‘ಹುಚ್ಚಿ’ ಅನ್ನಲಿ, ದೊಡ್ಡಮ್ಮನ ಕಾಲಿಗೆ ಬೇಕಾದರೆ ಬಿದ್ದೇನು ಎಂದುಕೊಂಡು ಬಸ್ಸು ಹತ್ತಿದಳು.

ಬಾಗಿಲು ತೆರೆದವಳು ತಂಗಿಯಲ್ಲ. ನೀಲಿ ಅಂಗಿಯ ಮೇಲೆ ಬಿಳಿ ಏಪ್ರನ್ ಕಟ್ಟಿದ ಒಬ್ಬ ಹೆಂಗಸು, ಮೂವತ್ತೈದರ ಆಸುಪಾಸು. ಹೆಗಲ ಮೇಲೆ ಮಗು. ಮಗು ಆ ಹೆಗಲಿಗೆ ಹೊಂದಿಕೊಂಡು ಮಲಗಿತ್ತು, ನಿನ್ನೆ ಮೊನ್ನೆಯ ಹೆಗಲಿಗೆ ಮಗು ಹಾಗೆ ಒರಗುವುದಿಲ್ಲ.

“ಯಾರು ಬೇಕಿತ್ತು?” ಎಂದಳು ಮೆಲ್ಲನೆ. “ಮೇಡಂ ಸ್ನಾನಕ್ಕೆ ಹೋಗಿದಾರೆ. ಒಳಗೆ ಬನ್ನಿ, ಸದ್ದು ಮಾಡ್ಬೇಡಿ, ಈಗ ತಾನೇ ಮಲಗಿದೆ.”

“ನೀವು?”

“ಮಗು ನೋಡ್ಕೊಳ್ಳೋಳು. ಏಜೆನ್ಸಿಯಿಂದ. ಎರಡು ವಾರ ಆಯ್ತು, ಅಭ್ಯಾಸ ಆಗ್ಲಿ ಅಂತ ಅರ್ಧ ದಿನ ಬರ್ತಿದೀನಿ. ಶನಿವಾರ, ಭಾನುವಾರ ಮಾತ್ರ ಬರ್ಬೇಡ ಅಂದಿದಾರೆ. ಒಂದನೇ ತಾರೀಖಿಂದ ಪೂರ್ತಿ ದಿನ.”

ಚೀಟಿ ಅಕ್ಕ ಹತ್ತಿರದ ಕುರ್ಚಿಯ ಬೆನ್ನು ಹಿಡಿದು ನಿಂತಳು. ಸುಸ್ತು ಮೆಟ್ಟಿಲಿನದು ಎಂದುಕೊಂಡಿರಬೇಕು, ಆ ಹೆಂಗಸು ನೀರು ತಂದುಕೊಟ್ಟಳು. ಅವಳೇನೂ ಕೆಟ್ಟವಳಲ್ಲ. ಆ ಮನೆಯಲ್ಲಿ ಸುಳ್ಳು ಹೇಳಲು ಬಾರದವಳು ಅವಳೊಬ್ಬಳೇ, ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನೀರು ಕುಡಿಯುತ್ತಾ ಚೀಟಿ ಅಕ್ಕ ಅಡುಗೆಮನೆಯ ಕಡೆ ನೋಡಿದಳು. ಸಿಂಕಿನ ಪಕ್ಕ ಅವಳ ಚೀಲಗಳು, ನಾಲ್ಕು, ಬಾಯಿ ತೆರೆದು ಬೋರಲಾಗಿ ಒಣಗುತ್ತಿದ್ದವು. ಕೆಳಗೆ ಕಸದ ಬಕೆಟ್ಟಿನಲ್ಲಿ ಕಿತ್ತಳೆ ಬಣ್ಣದ ಗಡ್ಡೆಗಳು ಅರ್ಧ ಕರಗಿ ಬಿದ್ದಿದ್ದವು.

“ಇವೇನು?” ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು.

“ಅಯ್ಯೋ, ಅದೊಂದು ಕೆಲಸ. ವಾರಕ್ಕೆ ಹನ್ನೆರಡು ಬರುತ್ತೆ, ಖಾಲಿ ಮಾಡಿ ತೊಳೆದಿಡು ಅಂತಾರೆ. ಶನಿವಾರ ಯಾರೋ ಬಂದು ಚೀಲ ತಗೊಂಡು ಹೋಗ್ತಾರಂತೆ. ವೇಸ್ಟ್ ಅಲ್ವಾ ಅಂತ ನಾನೂ ಒಂದಿನ ಪಾತ್ರೆಗೆ ಹಾಕಿ ಬಿಸಿ ಮಾಡ್ಕೊಂಡು ತಿಂದೆ. ಪಾಪ, ಮಾಡಿದೋರು ಚೊಕ್ಕವಾಗೇ ಮಾಡಿದಾರೆ. ಆದ್ರೆ ಥೇಟ್ ಆಸ್ಪತ್ರೆ ಊಟ. ಉಪ್ಪಿಲ್ಲ, ಖಾರ ಇಲ್ಲ, ಏನೂ ಇಲ್ಲ.”

ಯಾರೋ. ತಂಗಿಗೆ ವರ್ಷಗಟ್ಟಲೆ ಜಡೆ ಹೆಣೆದವಳು, ಜ್ವರ ಬಂದಾಗ ಹಣೆಯ ಮೇಲಿನ ಬಟ್ಟೆ ಬದಲಿಸಿದವಳು, ಈ ಮನೆಯ ಕೆಲಸದವಳ ಬಾಯಲ್ಲಿ ಚೀಲ ಒಯ್ಯುವ ಯಾರೋ ಆಗಿದ್ದಳು.

ಬಚ್ಚಲಿನ ಬಾಗಿಲು ತೆರೆದು ತಂಗಿ ಹೊರಬಂದಳು. ತಲೆಗೆ ಟವೆಲ್ ಸುತ್ತಿದ್ದಳು. ಅಕ್ಕನನ್ನು ಕಂಡು ಕೈ ಟವೆಲಿನ ಮೇಲೇ ನಿಂತಿತು.

“ಅಕ್ಕಾ. ಇವತ್ತು ಬುಧವಾರ,” ಎಂದಳು.

“ಹೌದು. ಬುಧವಾರದ ಮನೆ ಹೇಗಿರುತ್ತೆ ಅಂತ ನೋಡೋಕೆ ಬಂದೆ.”

ತಂಗಿ ಕಣ್ಸನ್ನೆ ಮಾಡಿದಳು, ಏಪ್ರನ್ನಿನವಳು ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೀಟಿ ಅಕ್ಕ ಕೂಗಾಡಲಿಲ್ಲ. ಫ್ರೀಜರ್ ತೆರೆದಳು. ಮಿಕ್ಕ ಎಂಟು ಚೀಲ, ಅವಳ ಕೈಬರಹದ ಚೀಟಿಗಳ ಸಮೇತ, ಅವಳು ಜೋಡಿಸಿಟ್ಟ ಹಾಗೇ ಇದ್ದವು. ಮೇಲಿನದನ್ನು ತೆಗೆದಳು, ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದಳು, ಚೀಲವನ್ನು ಅದರಲ್ಲಿ ಮುಳುಗಿಸಿದಳು. ತಂಗಿ ‘ಅಕ್ಕಾ, ಕೂತ್ಕೋ, ಹೇಳ್ತೀನಿ’ ಎನ್ನುತ್ತಲೇ ಇದ್ದಳು. ಹತ್ತು ನಿಮಿಷ ಆಗುವ ತನಕ ಇವಳು ತಿರುಗಿ ನೋಡಲಿಲ್ಲ. ಆಮೇಲೆ ತಟ್ಟೆಗೆ ಸುರಿದುಕೊಂಡು ಮೇಜಿಗೆ ಬಂದು ಕೂತು ತಿಂದಳು.

ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವರು ರುಚಿ ನೋಡುವಂತಿಲ್ಲ. ಎಷ್ಟು ಉಪ್ಪು ಎಂದು ಡಾಕ್ಟರ ಚೀಟಿ ಹೇಳುತ್ತದೆ, ಕೈ ಹಾಕುತ್ತದೆ. ಆ ಕೈ ಮನೆಯಲ್ಲೂ ಅದೇ ಅಳತೆ ಹಾಕುತ್ತಾ ಬಂದಿತ್ತು, ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು. ಇಂದು ಬೇರೆಯವರ ನಾಲಿಗೆಯಿಂದ ತಿನ್ನಬೇಕೆಂದು ತಿಂದಳು. ಸಪ್ಪೆಯೇ. ಅದರಲ್ಲಿ ಎರಡು ಮಾತಿಲ್ಲ.

“ಉಪ್ಪಿಲ್ಲ,” ಎಂದಳು ತಟ್ಟೆ ನೋಡುತ್ತಾ. “ನೀನು ಎಂಟು ವರ್ಷದೋಳಿದ್ದಾಗಿಂದ ಇದನ್ನೇ ತಿಂದೆಯಾ?”

“ತಿಂದೆ.”

“‘ಅಕ್ಕಾ, ಉಪ್ಪು ಹಾಕು’ ಅಂತ ಒಂದಿನ ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ? ನೀನು ಪಾಳಿ ಮುಗಿಸಿ ಕಾಲು ಊದಿಸ್ಕೊಂಡು ಬಂದು ಮಾಡಿ ಹಾಕ್ತಿದ್ದೆ. ಚಿಕ್ಕೋಳಿದ್ದಾಗಲೂ ಹೇಳೋಕಾಗ್ಲಿಲ್ಲ, ಆಮೇಲೂ ಆಗ್ಲಿಲ್ಲ. ಮೊದಲನೇ ವಾರ ಸೂಪು ಬಿಸಿ ಮಾಡಿದ್ವಿ ಅಕ್ಕಾ, ಇವರು ಒಂದು ಚಮಚ ತಿಂದು ಇಟ್ಬಿಟ್ರು. ನಾನು ತಿನ್ನೋಣ ಅಂತ ಕೂತೆ. ಬಾಯಿಗೆ ಇಟ್ಕೊಂಡ ತಕ್ಷಣ ಆ ಹಳೇ ಮನೆ ಪೂರ್ತಿ ನೆನಪಾಯ್ತು.”

“ಹಳೇ ಮನೆಗೇನಾಗಿತ್ತು?”

ತಂಗಿ ಟವೆಲ್ ತೆಗೆದು ಮಡಿಲಲ್ಲಿ ಮುದುರಿದಳು. ಹೇಳಬಾರದೆಂದು ಬಹಳ ವರ್ಷ ಹಿಡಿದಿಟ್ಟ ಮಾತು, ಹೊರಟ ಮೇಲೆ ನಿಲ್ಲಲಿಲ್ಲ. “ನನ್ನ ಲಂಗಕ್ಕೆ ಚೀಟಿ. ನನ್ನ ಪುಸ್ತಕಕ್ಕೆ ಚೀಟಿ. ಎಷ್ಟು ಹೊತ್ತಿಗೆ ಆಟ, ಎಷ್ಟು ಹೊತ್ತಿಗೆ ಓದು, ಎಷ್ಟು ಹೊತ್ತಿಗೆ ಅಮ್ಮನ್ನ ನೆನೆಸ್ಕೊಂಡು ಅಳೋದು ನಿಲ್ಲಿಸ್ಬೇಕು, ಎಲ್ಲಕ್ಕೂ ಗೋಡೆ ಮೇಲೆ ಚೀಟಿ. ನೀನು ನನ್ನನ್ನ ಚೆನ್ನಾಗಿ ನೋಡ್ಕೊಂಡೆ ಅಕ್ಕಾ, ಇಲ್ಲ ಅನ್ನಲ್ಲ. ರೋಗಿ ನೋಡ್ಕೊಂಡ ಹಾಗೆ ನೋಡ್ಕೊಂಡೆ. ನನ್ನ ಮಗಳು ಹಾಗೆ ಬೆಳೆಯೋದು ನನಗೆ ಬೇಡ.”

ಚೀಟಿ ಅಕ್ಕ ಚಮಚ ಕೆಳಗಿಟ್ಟಳು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎಂಟು ವರ್ಷದ ಮಗುವನ್ನು ಕೈಗೆ ತೆಗೆದುಕೊಂಡಾಗ ಅವಳಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಹಾಗೆಂದು ಹೇಳಬಹುದಿತ್ತು. ಹೇಳಿಕೊಳ್ಳಲು ಮನಸ್ಸಾಗಲಿಲ್ಲ. ಎದೆಯೊಳಗೆ ಬೇರೆಯದೇ ಒಂದು ಲೆಕ್ಕ ನಡೆದಿತ್ತು.

“ಅದು ಬೇಡ ಅನ್ನೋದು ನಿನ್ನ ಹಕ್ಕು,” ಎಂದಳು. “ನಿನ್ನ ಮಗು, ನಿನ್ನಿಷ್ಟ. ನಾನು ಅಡ್ಡ ಬರ್ತಿರ್ಲಿಲ್ಲ. ಒಂದೇ ಒಂದು ಕೇಳ್ತೀನಿ. ಈ ಮೇಜಿನ ಮೇಲೆ ನಾನು ರಾಜೀನಾಮೆಗೆ ಸಹಿ ಹಾಕಿದ ದಿನ, ನಿನಗೆ ಇದು ಗೊತ್ತಿತ್ತಾ?”

ತಂಗಿ ಮಡಿಲಿನ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದಳು.

“ಗೊತ್ತಿತ್ತಾ?”

“ಏಜೆನ್ಸಿಗೆ ಹೆಸರು ಕೊಟ್ಟಾಗಿತ್ತು,” ಎಂದಳು ತಂಗಿ. ದನಿ ನೆಲಕ್ಕೆ ಬಿದ್ದಿತ್ತು. “ಹೇಳೋಣ ಅಂತಾನೇ ಇವರೂ ನಾನೂ ಕೂತಿದ್ವಿ. ನೀನು ಅಷ್ಟು ಖುಷಿಯಾಗಿದ್ದೆ. ಪತ್ರ ಬರೆದುಕೊಡಿ ಅಂತ ನೀನೇ ಇವರನ್ನ ಕೇಳಿದೆ, ಇಲ್ಲ ಅನ್ನೋಕೆ ಇವರಿಗೆ ಬಾಯಿ ಬರ್ಲಿಲ್ಲ. ಕೊನೇ ದಿನ ಬರೋ ಮುಂಚೆ ಹೇಗಾದ್ರೂ ಹೇಳಿದ್ರಾಯ್ತು, ಇನ್ನೂ ತಿಂಗಳಿದೆಯಲ್ಲ ಅಂದ್ಕೊಂಡ್ವಿ. ಒಂದೊಂದೇ ವಾರ ಜಾರಿಹೋಯ್ತು ಅಕ್ಕಾ. ನಿನ್ನ ಮನಸ್ಸು ನೋಯಿಸ್ಬಾರ್ದು ಅಂತ—”

“ಪೆನ್ನು ನೀನೇ ತಂದುಕೊಟ್ಟೆ.”

ಒಳ್ಳೆಯವರ ಕೈಗೆ ಸಿಕ್ಕಿ ಹಾಳಾದಷ್ಟು ಜನ ಕೆಟ್ಟವರ ಕೈಯಲ್ಲಿ ಹಾಳಾಗಿರಲಿಕ್ಕಿಲ್ಲ. ಕೆಟ್ಟವನಾದರೆ ಎದುರಿಗೇ ‘ನಿನ್ನ ಕೂಳು ಬೇಡ, ನಿನ್ನ ಕೈ ಬೇಡ’ ಎಂದು ಬೈದು ಅಟ್ಟುತ್ತಿದ್ದ. ಒಂದು ದಿನ ಅತ್ತು ಮರುದಿನ ಕೆಲಸಕ್ಕೆ ಹೋಗಬಹುದಿತ್ತು. ಇವರು ನಗುತ್ತಾ ಚೀಲ ಈಸಿಕೊಂಡರು, ತೊಳೆದು ಕೊಟ್ಟರು, ಕಲೆ ಯಾಕಿಲ್ಲ ಎಂದರೆ ಉಪ್ಪುನೀರು ಎಂದರು. ಅವಳು ಆ ಸುಳ್ಳನ್ನು ಹೊತ್ತು ಊರೆಲ್ಲ ಹಂಚಿ, ನಿಜ ಹೇಳಿದ ಮುದುಕಿಯ ಮುಖಕ್ಕೆ ಹೊಡೆದಂತೆ ಮಾತಾಡಿದಳು.

“ನಾಳೆ ನಾನೇ ಬರ್ತೀನಿ, ಮ್ಯಾನೇಜರ್ ಹತ್ರ ಮಾತಾಡೋಣ,” ಎಂದಳು ತಂಗಿ. “ಪತ್ರ ವಾಪಸ್ ತಗೊಳ್ಳೋಣ. ಇವರೇ ಬರೆದುಕೊಡ್ತಾರೆ.”

“ನಿನ್ನೆ ಆರ್ಡರ್ ಹೋಗಿದೆ, ಬೇರೆಯವರಿಗೆ. ಮೊನ್ನೆ ಸಂಜೆ ತನಕ ಟೈಮ್ ಇತ್ತು. ನಿನ್ನ ಮೇಲೆ ಅನುಮಾನ ಪಡಬಾರ್ದು ಅಂತ ನಾನೇ ಬೇಡ ಅಂದೆ.”

ತಂಗಿಗೆ ಅಳು ಬಂತು. ಬಂದದ್ದು ನಿಜವಾದ ಅಳುವೇ, ಅದನ್ನು ಸುಳ್ಳೆನ್ನಲಾಗದು. “ನೀನು ಯಾವಾಗ ಬೇಕಾದ್ರೂ ಬಾ ಅಕ್ಕಾ. ಮಗು ನಿನ್ನದೇ. ಬಂದು ಎತ್ತಾಡಿಸು, ಯಾರು ಬೇಡ ಅಂತಾರೆ?”

ಚೀಟಿ ಅಕ್ಕ ಎದ್ದು ತಟ್ಟೆ ತೊಳೆದಿಟ್ಟಳು. ಪಾತ್ರೆಯ ನೀರು ಚೆಲ್ಲಿದಳು. ಚೀಲಗಳನ್ನು ಮುಟ್ಟಲಿಲ್ಲ.

“ಮಗು ನನ್ನದಲ್ಲ, ಅದು ಮೊದಲೂ ಗೊತ್ತಿತ್ತು,” ಎಂದಳು ಕೈ ಒರೆಸಿಕೊಳ್ಳುತ್ತಾ. “ನೀನು ನನ್ನೋಳು ಅಂದ್ಕೊಂಡಿದ್ದೆ. ಅಲ್ಲ ಅಂತ ಇವತ್ತು ಗೊತ್ತಾಯ್ತು.”

ಚಪ್ಪಲಿ ಮೆಟ್ಟಿ ಹೊರಬಂದಳು. ತಂಗಿ ಹಿಂದೆಯೇ ಬಂದಳು, ಬರಿಗಾಲಲ್ಲಿ, ಒದ್ದೆ ಕೂದಲಲ್ಲಿ. “ಅಕ್ಕಾ, ನಿಲ್ಲು. ಹೀಗೆ ಹೋಗ್ಬೇಡ. ಅಕ್ಕಾ.” ಒಂದು ಮಹಡಿ ಇಳಿದರೂ ಆ ಹೆಜ್ಜೆಗಳು ಹಿಂದೆ ಬರುತ್ತಲೇ ಇದ್ದವು. ಅವಳಿಗೆ ಎಷ್ಟು ಸಿಟ್ಟಿದ್ದರೂ ನಿಜ ಹೇಳಬೇಕಲ್ಲ, ಹೆಜ್ಜೆ ಬರುತ್ತಿರುವುದು ಕೇಳಿ ಒಳಗೊಳಗೇ ಒಂದಿಷ್ಟು ಹಿತವಾಯಿತು. ಇನ್ನೊಂದು ತಿರುವು ಬರಲಿ, ಕೈ ಹಿಡಿದು ಎಳೆಯಲಿ, ಒಂದು ಏಟು ಕೊಟ್ಟು ಆಮೇಲೆ ಅಪ್ಪಿಕೊಂಡೇನು ಎಂದು ಮನಸ್ಸು ಆಗಲೇ ಸೋಲಲು ತಯಾರಾಗುತ್ತಿತ್ತು. ಸಾಕಿದ ಕರುಳು ಅದು.

ಅಷ್ಟರಲ್ಲಿ ಮೇಲೆ ಮಗು ಎದ್ದು ಅತ್ತಿತು.

ಹಿಂದಿನ ಹೆಜ್ಜೆ ನಿಂತಿತು. ಚೀಟಿ ಅಕ್ಕನೂ ತಿರುವಿನಲ್ಲಿ ಗೋಡೆಗೆ ಕೈಯೂರಿ ನಿಂತಳು, ತಿರುಗಿ ನೋಡದೆ. 'ಆ ಏಪ್ರನ್ನಿನವಳು ಇದ್ದಾಳೆ ಮೇಲೆ. ಎತ್ತಿಕೊಳ್ಳುತ್ತಾಳೆ, ಸಮಾಧಾನ ಮಾಡುತ್ತಾಳೆ, ಅದಕ್ಕೇ ತಾನೇ ಅವಳನ್ನು ತಂದಿಟ್ಟುಕೊಂಡದ್ದು. ಇನ್ನು ನಾಲ್ಕು ಮೆಟ್ಟಿಲು ಇಳಿದು ಬಾ ಪುಟ್ಟಿ, ನಾಲ್ಕೇ' ಎಂದು ಮನಸ್ಸಿನಲ್ಲೇ ಹೇಳಿದಳು.

ಹೆಜ್ಜೆಗಳು ಮೇಲಕ್ಕೆ ಹೋದವು. ಮೊದಲು ನಿಧಾನ, ಆಮೇಲೆ ಓಡಿದವು. ಮೇಲೆ ಬಾಗಿಲು ಹಾಕಿದ ಸದ್ದಾಯಿತು. ಚೀಟಿ ಅಕ್ಕ ಮಗುವಿನ ಅಳು ನಿಲ್ಲುವ ತನಕ ಅಲ್ಲೇ ನಿಂತಿದ್ದು, ಉಳಿದ ಮೆಟ್ಟಿಲು ಇಳಿದು ಹೋದಳು.